ಹೊರದೇಶದ ಮಗುವನ್ನು ದತ್ತು ಪಡೆದು ಕೊಡಗಿಗೆ ಕರೆತರಲು ಏನೇನು ಬೇಕು?

ಪೊನ್ನಂಪೇಟೆ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಗಂಡ ಐದು ವರ್ಷದಿಂದ ಉಗಾಂಡದಲ್ಲಿ ಒಂದು ಕಾಫಿ ತೋಟದ ಮ್ಯಾನೇಜರ್. ಅಲ್ಲೂ ರೊಬಸ್ಟಾನೇ ಜಾಸ್ತಿ, ಹಾಗಾಗಿ ಕೊಡಗಿನವರಿಗೆ ಆ ಕೆಲಸ ಹೊಸದಲ್ಲ. ನಾನೂ ಮೂರು ವರ್ಷ ಅಲ್ಲೇ ಇದ್ದೆ. ಈ ಮಳೆಗಾಲದಲ್ಲಿ ಅತ್ತೆಗೆ ಹುಷಾರಿಲ್ಲ ಅಂತ ಊರಿಗೆ ಬಂದವಳು ಇನ್ನೂ ಇಲ್ಲೇ ಇದ್ದೇನೆ.

ತೋಟದ ಹತ್ತಿರ ಒಂದು ಮಕ್ಕಳ ಆಶ್ರಮ ಇದೆ. ಶನಿವಾರ ಶನಿವಾರ ಅಲ್ಲಿಗೆ ಹೋಗಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅಲ್ಲಿ ಒಂದು ಹೆಣ್ಣು ಮಗು, ಈಗ ನಾಲ್ಕು ವರ್ಷ. ಮೊದಲ ದಿನವೇ ಬಂದು ನನ್ನ ಸೆರಗು ಹಿಡಿದುಕೊಂಡಿತು, ಆಮೇಲೆ ಬಿಡಲೇ ಇಲ್ಲ. ನನ್ನನ್ನು 'ಮಾಮಾ' ಅಂತ ಕರೆಯುತ್ತಾಳೆ. ಅವರ ಭಾಷೆಯಲ್ಲಿ ಹಾಗಂದರೆ ಅಮ್ಮ. ಫೋನಿನಲ್ಲಿ ಅದನ್ನು ಕೇಳಿದ ಅತ್ತೆ, "ನಮ್ಮಲ್ಲಿ ಮಾಮ ಅಂದರೆ ಸೋದರಮಾವ ಅಲ್ವಾ, ಪಾಪ ಮಗುವಿಗೆ ಹೇಗೆ ಗೊತ್ತಾಗಬೇಕು" ಅಂತ ನಕ್ಕರು. ನಕ್ಕು ಸುಮ್ಮನಾದವರು ಮರುದಿನ ಬೆಳಿಗ್ಗೆ ತಾವಾಗಿ ಕೇಳಿದರು: "ಆ ಮಗು ಇಲ್ಲಿಗೆ ಬರುವುದಕ್ಕೆ ಆಗುತ್ತದಾ?"

ಮದುವೆಯಾಗಿ 11 ವರ್ಷ. ನಮಗೆ ಮಕ್ಕಳಿಲ್ಲ. ನನಗೆ 39, ಅವರಿಗೆ 45. ಇಬ್ಬರೂ ಭಾರತದ ಪ್ರಜೆಗಳು. ಅವರ ಕರಾರು ಇನ್ನೂ ಎರಡು ವರ್ಷ ಇದೆ.

ಕಾನೂನು ಪ್ರಕಾರ ಆ ಮಗುವನ್ನು ನಾವು ದತ್ತು ತೆಗೆದುಕೊಳ್ಳಬಹುದಾ? ಯಾವ ದೇಶದ ಕಾನೂನು ನಡೆಯುತ್ತದೆ? ಮಗು ಇಲ್ಲಿಗೆ ಬಂದ ಮೇಲೆ ತಾನಾಗಿ ಭಾರತದ ಪ್ರಜೆ ಆಗುತ್ತಾಳಾ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಗೊತ್ತಿದ್ದವರು ತಿಳಿಸಿ.

ವೇದಿಕೆ ನಿರ್ವಾಹಕಿ

ಅಕ್ಕ, ನಿಮ್ಮ ಪೋಸ್ಟಿನಲ್ಲಿದ್ದ ಮಗುವಿನ ಫೋಟೋ ಮತ್ತು ಆಶ್ರಮದ ಹೆಸರನ್ನು ತೆಗೆದಿದ್ದೇನೆ. ತಪ್ಪು ತಿಳಿಯಬೇಡಿ. ಆಶ್ರಯದಲ್ಲಿರುವ ಮಗುವಿನ ಗುರುತನ್ನು ಹೀಗೆ ಹೊರಗೆ ಹಾಕಬಾರದು. ನಮ್ಮ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಉಳಿದವರೂ ದಯವಿಟ್ಟು ಯಾವ ಮಗುವಿನ ಹೆಸರನ್ನೂ ಬರೆಯಬೇಡಿ.

ನಾಪೋಕ್ಲು ಅಂಕಲ್

ಮಗಳೇ, ಓದಿ ಮನಸ್ಸು ತುಂಬಿ ಬಂತು. ನಿಮ್ಮ ಅತ್ತೆ ದೊಡ್ಡ ಮನಸ್ಸಿನವರು.

ನನಗೆ ತಿಳಿದದ್ದು ಹೇಳುತ್ತೇನೆ. ನಮ್ಮ ಕಾಲದಲ್ಲಿ ದತ್ತು ಅಂದರೆ ಹಿರಿಯರ ಎದುರು ಕೊಟ್ಟು ತೆಗೆದುಕೊಂಡು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತು ಪತ್ರ ಮಾಡಿಸಿದರೆ ಮುಗಿಯಿತು. ಒಕ್ಕ, ಅಂದರೆ ಮನೆತನ, ನಿಂತುಹೋಗಬಾರದು ಅಂತ ಹಿಂದೆ ನಮ್ಮಲ್ಲಿ ಮಗಳ ಮಕ್ಕಳನ್ನು ತವರಿನ ಒಕ್ಕಕ್ಕೇ ಸೇರಿಸುವ ಮಕ್ಕಪರಿಜೆ ಅಂತ ಪದ್ಧತಿಯೇ ಇತ್ತು. ನೀವು ಮಗುವನ್ನು ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಬನ್ನಿ. ಇಲ್ಲಿ ಪತ್ರ ಮಾಡಿಸೋಣ. ಸಾಕ್ಷಿಗೆ ನಾನೇ ಬರುತ್ತೇನೆ.

ಮಡಿಕೇರಿ ವಕೀಲೆ

ಅಂಕಲ್, ನೀವು ಒಳ್ಳೆಯ ಮನಸ್ಸಿನಿಂದ ಹೇಳಿದಿರಿ, ಅದು ಗೊತ್ತು. ಆದರೆ ಈ ದಾರಿ ಹಿಡಿದರೆ ಅಕ್ಕನಿಗೂ ಮಗುವಿಗೂ ಕಷ್ಟ. ಯಾಕೆ ಅಂತ ಹೇಳುತ್ತೇನೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ದತ್ತು ಪತ್ರ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಗೆ ಸೇರಿದ್ದು. ಕೊಡವರು, ಗೌಡರು, ನಾವೆಲ್ಲ ಅದರ ಅಡಿಯಲ್ಲಿ ಬರುತ್ತೇವೆ, ನಿಜ. ಆದರೆ ಆ ಕಾಯ್ದೆಯಲ್ಲಿ ತೆಗೆದುಕೊಳ್ಳುವವರು ಹಿಂದೂ ಆದರೆ ಸಾಲದು, ಮಗುವೂ ಹಿಂದೂ ಆಗಿರಬೇಕು. ಮಗುವನ್ನು ಕೊಡುವ ಹಕ್ಕು ಇರುವುದು ಅಪ್ಪ ಅಮ್ಮನಿಗೆ. ಅವರಿಲ್ಲದಿದ್ದರೆ ಕೋರ್ಟಿನ ಅನುಮತಿ ಪಡೆದ ಪೋಷಕರಿಗೆ. ಉಗಾಂಡದ ಆಶ್ರಮದಲ್ಲಿರುವ ಮಗುವನ್ನು ಪೊನ್ನಂಪೇಟೆಯಲ್ಲಿ ಕೂತು ಯಾರು ಕೊಡುತ್ತಾರೆ?

ಇನ್ನು ಟೂರಿಸ್ಟ್ ವೀಸಾ. ದತ್ತು ಮಾಡುವ ಉದ್ದೇಶ ಮುಚ್ಚಿಟ್ಟು ಮಗುವನ್ನು ಗಡಿ ದಾಟಿಸಿದರೆ ಅದನ್ನು ಮಕ್ಕಳ ಸಾಗಾಟ ಅಂತ ನೋಡುತ್ತಾರೆ. ಯಾರ ಪ್ರೀತಿಯೂ ಆಗ ಲೆಕ್ಕಕ್ಕೆ ಬರುವುದಿಲ್ಲ. ಅನಾಥ ಮಗುವನ್ನು ನಿಯಮ ಬಿಟ್ಟು ಕೊಟ್ಟರೂ ತೆಗೆದುಕೊಂಡರೂ ನಮ್ಮ ಬಾಲನ್ಯಾಯ ಕಾಯ್ದೆ 2015ರ 80ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ದಂಡ, ಅಥವಾ ಎರಡೂ.

ಅಕ್ಕ, ಸರಿಯಾದ ದಾರಿಯನ್ನು ರಾತ್ರಿ ವಿವರವಾಗಿ ಬರೆಯುತ್ತೇನೆ. ಈಗ ಕೋರ್ಟಿಗೆ ಹೊರಟಿದ್ದೇನೆ.

ನಾಪೋಕ್ಲು ಅಂಕಲ್

ತಿಳಿಸಿದ್ದು ಒಳ್ಳೆಯದಾಯಿತಮ್ಮ. ನನ್ನ ಮಾತು ಕೇಳಿ ಯಾರೂ ಹಾಗೆ ಮಾಡುವುದು ಬೇಡ. ನಾನೂ ರಾತ್ರಿ ಓದುತ್ತೇನೆ.

ಮಡಿಕೇರಿ ವಕೀಲೆ

ಬರೆಯುತ್ತೇನೆ ಅಂದಿದ್ದೆನಲ್ಲ, ಕೂತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಹೊರದೇಶದಿಂದ ದತ್ತು ಅಂದರೆ ಒಂದು ಬಾಗಿಲಲ್ಲ, ಮೂರು ಬಾಗಿಲು. ಮಗು ಇರುವ ದೇಶದ ಕಾನೂನು ಮೊದಲನೆಯದು. ಭಾರತದಲ್ಲಿ ಕಾರಾ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಎರಡನೆಯದು. ವೀಸಾ ಮತ್ತು ಪೌರತ್ವ ಮೂರನೆಯದು. ಒಂದು ತೆರೆಯಿತು ಅಂತ ಇನ್ನೊಂದು ತಾನಾಗಿ ತೆರೆಯುವುದಿಲ್ಲ. ಜನ ಎಡವುವುದು ಇಲ್ಲೇ.

ನಮ್ಮ ದತ್ತು ನಿಯಮಾವಳಿ 2022ರಲ್ಲಿ ಇದು ಸ್ಪಷ್ಟವಾಗಿದೆ. ಭಾರತದ ಪ್ರಜೆಗಳು ಹೊರದೇಶದ ಮಗುವನ್ನು ದತ್ತು ಪಡೆಯುವುದಾದರೆ ಮೊದಲು ಆ ದೇಶದ ಕಾನೂನಿನಂತೆ ಅಲ್ಲಿನ ವಿಧಿಗಳು ಮುಗಿಯಬೇಕು. ನಿಮ್ಮ ವಿಷಯದಲ್ಲಿ ಅದು ಉಗಾಂಡದ ಮಕ್ಕಳ ಕಾಯ್ದೆ. 2016ರಲ್ಲಿ ಅದಕ್ಕೆ ತಿದ್ದುಪಡಿ ಆಗಿದೆ. ಅಲ್ಲಿನ ಪ್ರಜೆಗಳಲ್ಲದವರಿಗೆ ಅದು ಕೇಳುವುದು ಇಷ್ಟು. ನೀವು ಕನಿಷ್ಠ ಒಂದು ವರ್ಷ ಉಗಾಂಡದಲ್ಲಿ ವಾಸವಾಗಿರಬೇಕು. ಅಲ್ಲಿನ ಪ್ರೊಬೇಷನ್ ಮತ್ತು ಸಮಾಜ ಕಲ್ಯಾಣ ಅಧಿಕಾರಿಯ ನಿಗಾದಲ್ಲಿ ಕನಿಷ್ಠ ಒಂದು ವರ್ಷ ಆ ಮಗುವನ್ನು ನಿಮ್ಮ ಮನೆಯಲ್ಲೇ ಸಾಕಿರಬೇಕು. ನಿಮ್ಮ ಮೇಲೆ ಕ್ರಿಮಿನಲ್ ದಾಖಲೆ ಇರಬಾರದು. ನೀವು ದತ್ತು ಪಡೆಯಲು ಯೋಗ್ಯರು ಅಂತ ನಿಮ್ಮ ದೇಶದ ಅಧಿಕೃತ ಸಂಸ್ಥೆ ಶಿಫಾರಸು ಕೊಡಬೇಕು. ಅಲ್ಲಿನ ಕೋರ್ಟಿನ ದತ್ತು ಆದೇಶವನ್ನು ನಿಮ್ಮ ದೇಶ ಒಪ್ಪುತ್ತದೆ ಅನ್ನುವುದನ್ನೂ ಕೋರ್ಟಿಗೆ ಮನದಟ್ಟು ಮಾಡಬೇಕು. ಹೊರದೇಶದವರ ಅರ್ಜಿ ಹೈಕೋರ್ಟಿಗೆ ಹೋಗುತ್ತದೆ, ಕೆಳಗಿನ ಕೋರ್ಟಿನಲ್ಲಿ ಆಗುವುದಿಲ್ಲ. ವಯಸ್ಸಿನ ಮಾತು ಬಂದರೆ, ದಂಪತಿಯಲ್ಲಿ ಒಬ್ಬರಿಗಾದರೂ 25 ತುಂಬಿರಬೇಕು, ಮಗುವಿಗಿಂತ 21 ವರ್ಷ ದೊಡ್ಡವರಾಗಿರಬೇಕು. ಅದು ನಿಮಗೆ ಸಮಸ್ಯೆಯೇ ಅಲ್ಲ.

ಅಕ್ಕ, ಮಗುವನ್ನು ಮನೆಯಲ್ಲಿ ಸಾಕುವ ಆ ಒಂದು ವರ್ಷ ನಿಮಗಿನ್ನೂ ಶುರುವೇ ಆಗಿಲ್ಲ. ಶನಿವಾರದ ಭೇಟಿಗಳು ಅದಕ್ಕೆ ಸೇರುವುದಿಲ್ಲ. ಅರ್ಜಿ ಇಬ್ಬರ ಹೆಸರಿನಲ್ಲಿ ಅಂದರೆ ಇಬ್ಬರೂ ಮಗುವಿನ ಜೊತೆ ಒಂದೇ ಮನೆಯಲ್ಲಿ ಇರುವುದು ಸರಿ. ನೀವು ಪೊನ್ನಂಪೇಟೆಯಲ್ಲಿ ಕೂತು ಇದನ್ನು ಮಾಡಲು ಆಗುವುದಿಲ್ಲ.

ಇನ್ನೊಂದು ವಿಷಯ. ಅಲ್ಲಿ ಯಾರಾದರೂ "ದತ್ತು ತಡವಾಗುತ್ತದೆ, ಗಾರ್ಡಿಯನ್‌ಶಿಪ್ ತೆಗೆದುಕೊಂಡು ಹೊರಡಿ" ಅಂತ ಹೇಳಬಹುದು. 2016ಕ್ಕೆ ಮೊದಲು ಬಹಳ ಹೊರದೇಶದವರು ಆ ಅಡ್ಡದಾರಿಯಲ್ಲೇ ಮಕ್ಕಳನ್ನು ಕರೆದೊಯ್ದರು. ತಿದ್ದುಪಡಿ ಆದ ಮೇಲೆ ಅಲ್ಲಿ ಕಾನೂನುಬದ್ಧ ಪೋಷಕರಾಗುವ ಅವಕಾಶ ಉಗಾಂಡದ ಪ್ರಜೆಗಳಿಗೆ ಮಾತ್ರ.

ಪೊನ್ನಂಪೇಟೆ ಅಕ್ಕ

ಮೂರು ಸಲ ಓದಿದೆ. ಒಂದು ವರ್ಷದ ಮಾತು ನನಗೆ ಯಾರೂ ಹೇಳಿರಲಿಲ್ಲ. ಕೋರ್ಟಿಗೆ ಒಂದು ಅರ್ಜಿ ಹಾಕಿದರೆ ಆಯಿತು ಅಂದುಕೊಂಡಿದ್ದೆ. ಆಶ್ರಮದವರು ಮಗು ಅನಾಥ ಅಂತಲೇ ಹೇಳಿದ್ದರು. ಅದಕ್ಕೂ ಕಾಗದ ಬೇಕಾ?

ಮಡಿಕೇರಿ ವಕೀಲೆ

ಎಲ್ಲಕ್ಕಿಂತ ಮೊದಲು ಬೇಕಾದ ಕಾಗದವೇ ಅದು. ಆಶ್ರಮದಲ್ಲಿದ್ದ ಮಾತ್ರಕ್ಕೆ ಮಗು ಅನಾಥ ಅಲ್ಲ. ಬಡತನಕ್ಕೆ, ಕಾಯಿಲೆಗೆ, ಶಾಲೆಗೆ ಅಂತ ಮಕ್ಕಳನ್ನು ಆಶ್ರಮದಲ್ಲಿ ಬಿಟ್ಟು ಹೋಗುವವರು ಎಲ್ಲ ಕಡೆ ಇದ್ದಾರೆ. ಅಜ್ಜಿಯೋ ಚಿಕ್ಕಮ್ಮನೋ ಇರಬಹುದು.

ದೇಶ ದೇಶಗಳ ನಡುವಿನ ದತ್ತಿಗೆ ಅಂತಲೇ ಆದ 1993ರ ಹೇಗ್ ಒಪ್ಪಂದದ 4ನೇ ವಿಧಿ ಇದನ್ನೇ ಹೇಳುತ್ತದೆ. ಮಗು ದತ್ತಿಗೆ ಯೋಗ್ಯ ಅಂತ ಅದರ ದೇಶದ ಅಧಿಕಾರಿಗಳು ತೀರ್ಮಾನಿಸಿರಬೇಕು. ತನ್ನ ದೇಶದಲ್ಲೇ ಒಂದು ಮನೆ ಸಿಗುತ್ತದಾ ಅಂತ ಮೊದಲು ನೋಡಿರಬೇಕು. ಹೆತ್ತವರು ಒಪ್ಪಿಗೆ ಕೊಟ್ಟಿದ್ದರೆ ಅದು ಹಣಕ್ಕಾಗಿ ಕೊಟ್ಟದ್ದಾಗಿರಬಾರದು. ತಾಯಿಯ ಒಪ್ಪಿಗೆ ಹೆರಿಗೆ ಆದ ಮೇಲೆಯೇ ಪಡೆದದ್ದಾಗಿರಬೇಕು. ಭಾರತ ಈ ಒಪ್ಪಂದವನ್ನು 2003ರ ಜೂನ್ 6ರಂದು ಅನುಮೋದಿಸಿತು, ಅದೇ ವರ್ಷ ಅಕ್ಟೋಬರ್ 1ರಿಂದ ನಮಗೆ ಅನ್ವಯ. ಉಗಾಂಡ ಇದರಲ್ಲಿ ಸೇರಿಲ್ಲ. ಆದರೂ ಅಲ್ಲಿನ ಕಾಯ್ದೆಯೇ, ಹೊರದೇಶದವರಿಗೆ ದತ್ತು ಕೊಡುವುದು ಕೊನೆಯ ದಾರಿ ಅನ್ನುತ್ತದೆ. ಆಶ್ರಮದವರ ಬಾಯಿಮಾತು ಸಾಕಾಗುವುದಿಲ್ಲ. ಅಲ್ಲಿನ ಪ್ರೊಬೇಷನ್ ಅಧಿಕಾರಿಯ ಹತ್ತಿರ ಕೇಳಿ: ಮಗುವಿನ ಹಿನ್ನೆಲೆ ಹುಡುಕಿದ ವರದಿ ಇದೆಯಾ, ಮಗು ಆಶ್ರಮದಲ್ಲಿರಲು ಕೋರ್ಟಿನ ಆದೇಶ ಇದೆಯಾ?

ಒಂದು ವೇಳೆ ಅಜ್ಜಿ ಸಿಕ್ಕಿ, ಮಗುವನ್ನು ತಾನೇ ಸಾಕುತ್ತೇನೆ ಅಂದರೆ, ಅಕ್ಕ, ಅದನ್ನು ಒಪ್ಪುವ ಮನಸ್ಸು ಈಗಲೇ ಮಾಡಿಕೊಳ್ಳಿ. ಕಷ್ಟದ ಮಾತು ಅಂತ ಗೊತ್ತು.

ಪೊನ್ನಂಪೇಟೆ ಅಕ್ಕ

ಗೊತ್ತಾಯಿತು. ಅಜ್ಜಿ ಇದ್ದರೆ ಅವರ ಹತ್ತಿರವೇ ಇರಲಿ. ಇದನ್ನು ಬರೆಯುವಾಗ ಕೈ ನಡುಗಿತು, ಆದರೆ ನಿಜವಾಗಿಯೂ ಹಾಗೇ ಅಂದುಕೊಳ್ಳುತ್ತೇನೆ.

ದುಬೈ ಕೊಡಗಿನವ

ಮೇಡಂ, ನನ್ನದೂ ಒಂದು ಪ್ರಶ್ನೆ. ಅದಕ್ಕೆ ಮೊದಲು ನಮ್ಮ ಅನುಭವ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಎರಡು ವರ್ಷದ ಹಿಂದೆ ಒಬ್ಬ ಏಜೆಂಟ್ ಸಿಕ್ಕಿದ. ಬೇರೆ ದೇಶದಲ್ಲಿ ಹುಟ್ಟುವ ಮಗುವನ್ನು ನೇರವಾಗಿ ನಮ್ಮ ಹೆಸರಿಗೇ ಜನನ ಪತ್ರ ಮಾಡಿಸಿ ಕೊಡುತ್ತೇನೆ, ದತ್ತು ಅನ್ನುವ ತಲೆನೋವೇ ಇಲ್ಲ ಅಂದ. ನಾವು ಮುಂಗಡ ಕೊಟ್ಟೆವು. ಹೆಂಡತಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. "ಆ ತಾಯಿ ಯಾರು, ಅವಳು ಒಪ್ಪಿದ್ದಾಳಾ, ನಾಳೆ ಮಗು ಕೇಳಿದರೆ ಏನು ಹೇಳುವುದು" ಅಂತ ಒಂದೇ ಸಮ ಕೇಳಿದಳು. ಮೂರನೇ ದಿನ ಬೇಡ ಅಂದೆವು. ದುಡ್ಡು ವಾಪಸ್ ಬರಲಿಲ್ಲ. ಹೋಗಲಿ.

ಈಗ ನಾವು ಭಾರತದ ಮಗುವನ್ನೇ ದತ್ತು ಪಡೆಯಬೇಕು ಅಂತಿದ್ದೇವೆ. ಇಬ್ಬರ ಪಾಸ್‌ಪೋರ್ಟೂ ಭಾರತದ್ದು. ಹೊರದೇಶದಲ್ಲಿ ಇರುವುದರಿಂದ ನಮ್ಮನ್ನು ಫಾರಿನರ್ ಲೆಕ್ಕದಲ್ಲಿ ಹಿಂದಕ್ಕೆ ತಳ್ಳುತ್ತಾರಾ?

ಮಡಿಕೇರಿ ವಕೀಲೆ

ನಿಮ್ಮ ಹೆಂಡತಿ ನಿಮ್ಮಿಬ್ಬರನ್ನೂ ಕಾಪಾಡಿದ್ದಾರೆ. ಅದು ದತ್ತು ಅಲ್ಲವೇ ಅಲ್ಲ, ಮಗುವಿನ ಮಾರಾಟ. ನಮ್ಮ ಬಾಲನ್ಯಾಯ ಕಾಯ್ದೆಯ 81ನೇ ಸೆಕ್ಷನ್ನಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ದಂಡ. 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊರದೇಶದ ದತ್ತಿಗೆ ಕಟ್ಟುನಿಟ್ಟು ಹಾಕಿದ್ದೇ ಇಂಥ ವ್ಯಾಪಾರ ನಿಲ್ಲಲಿ ಅಂತ. 1990ರಲ್ಲಿ ಕಾರಾ ಶುರುವಾಗಿದ್ದು ಅದರ ನಂತರವೇ.

ನಿಮ್ಮ ಪ್ರಶ್ನೆಗೆ ಸಂತೋಷದ ಉತ್ತರ ಇದೆ. ಎನ್‌ಆರ್‌ಐಗಳನ್ನು ಇಲ್ಲೇ ಇರುವ ಭಾರತೀಯರಿಗೆ ಸಮನಾಗಿ ನೋಡುತ್ತಾರೆ. ಹೊರದೇಶದಲ್ಲಿ ಇರುವವರಿಗೆ ಅಲ್ಲಿನ ಅಧಿಕೃತ ದತ್ತು ಏಜೆನ್ಸಿ ಅಥವಾ ಕೇಂದ್ರ ಪ್ರಾಧಿಕಾರದ ಮೂಲಕ ನೋಂದಣಿ. ಅಂಥದ್ದು ಇಲ್ಲದ ಕಡೆ ನಮ್ಮ ರಾಯಭಾರ ಕಚೇರಿಯನ್ನೇ ಕೇಳಬೇಕು. ಮಗು ನಿಮ್ಮ ಜೊತೆ ಹೊರಗೆ ಹೋದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ವರದಿ ಹೋಗುತ್ತಿರಬೇಕು. ಒಟ್ಟು ಆರು ವರದಿ.

ಕುಶಾಲನಗರ ಟೀಚರ್

ನಾನೂ ದತ್ತು ತಾಯಿ. ಮಗ ಇಲ್ಲಿಯವನೇ, ಹೊರದೇಶದವನಲ್ಲ. ಆದರೆ ಮನೆಗೆ ಬಂದು ನಮ್ಮನ್ನು ನೋಡಿ ವರದಿ ಬರೆಯುವ ಹೋಮ್ ಸ್ಟಡಿ ಅನ್ನುವುದು ಎಲ್ಲರಿಗೂ ಒಂದೇ ಥರ, ಹಾಗಾಗಿ ಪೊನ್ನಂಪೇಟೆ ಅಕ್ಕನಿಗೆ ಹೇಳುತ್ತಿದ್ದೇನೆ.

ಹೆದರಬೇಡಿ. ನಾನು ಹೆದರಿ ಮನೆಗೆ ಸುಣ್ಣ ಬಣ್ಣ ಎಲ್ಲ ಮಾಡಿಸಿದ್ದೆ. ಬಂದ ಸಮಾಜ ಕಾರ್ಯಕರ್ತೆ ಗೋಡೆ ಕಡೆ ನೋಡಲೇ ಇಲ್ಲ. ಅವರು ನೋಡಿದ್ದು ತೋಟದ ಕೆರೆಗೆ ಬೇಲಿ ಇದೆಯಾ ಅಂತ. ಕೋವಿ ಎಲ್ಲಿಡುತ್ತೀರಿ, ಬೀಗ ಇದೆಯಾ ಅಂತ ಕೇಳಿದರು. ಆಮೇಲೆ ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದರು. ಅತ್ತೆಯ ಹತ್ತಿರವೂ ಅರ್ಧ ಗಂಟೆ ಮಾತಾಡಿದರು. "ಮಗು ಬೆಳೆದು, ನನ್ನ ಹೆತ್ತವರು ಯಾರು ಅಂತ ಕೇಳಿದರೆ ಏನು ಹೇಳುತ್ತೀರಿ?" ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಮಲಗದೆ ಅದನ್ನೇ ಮಾತಾಡಿದೆವು. ಆ ಒಂದು ಪ್ರಶ್ನೆಗೆ ನಾನು ಅವರಿಗೆ ಇವತ್ತಿಗೂ ಋಣಿ.

ಕಾಗದ ಪತ್ರ ಅಂದರೆ ಪ್ಯಾನ್, ಜನನ ಪತ್ರ, ವಿಳಾಸದ ದಾಖಲೆ, ಆದಾಯದ ದಾಖಲೆ, ಇಬ್ಬರ ವೈದ್ಯಕೀಯ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪರಿಚಯದ ಇಬ್ಬರಿಂದ ಪತ್ರ. ಇಲ್ಲಿ ನಮ್ಮವರಿಗೆ ಎರಡು ಕಡೆ ಕಷ್ಟ ಆಗುತ್ತದೆ. ಒಂದು, ಮದುವೆ ನೋಂದಣಿ. ಕೊಡವ ಸಮಾಜದಲ್ಲಿ ನೂರಾರು ಜನರ ಎದುರು ಮದುವೆ ಆಗಿರುತ್ತದೆ, ನೋಂದಣಿ ಮಾತ್ರ ಮಾಡಿಸಿರುವುದಿಲ್ಲ. ಎರಡು, ಮನೆ ಹೆಸರು. ನನ್ನ ಗಂಡನ ಮನೆ ಹೆಸರು ಪಾಸ್‌ಪೋರ್ಟಿನಲ್ಲಿ ಕೊನೆಗೆ ಇತ್ತು, ಆಧಾರ್‌ನಲ್ಲಿ ಮೊದಲು, ಶಾಲೆ ದಾಖಲೆಯಲ್ಲಿ ಬರೀ ಒಂದು ಅಕ್ಷರ. ಅದನ್ನು ಸರಿ ಮಾಡಿಸುವುದಕ್ಕೇ ನಾಲ್ಕು ತಿಂಗಳು ಹೋಯಿತು. ಅಕ್ಕ, ಇದನ್ನು ಇವತ್ತೇ ನೋಡಿಕೊಳ್ಳಿ.

ನಮ್ಮ ಆದೇಶ ಡಿಸಿ ಕಚೇರಿಯಿಂದಲೇ ಆಯಿತು. ಮೊದಲು ಕೋರ್ಟಿನಲ್ಲಿ ಆಗುತ್ತಿತ್ತು, 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಗೆ ಆ ಅಧಿಕಾರ ಬಂದಿದೆ.

ಮಡಿಕೇರಿ ವಕೀಲೆ

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಭಾರತದ ಮಗುವನ್ನು ದತ್ತು ಪಡೆಯುವಾಗ ಆದೇಶ ಕೊಡುವವರು ಡಿಸಿ. ಅಕ್ಕನ ವಿಷಯದಲ್ಲಿ ಆದೇಶ ಉಗಾಂಡದ ಹೈಕೋರ್ಟಿನದು. ಮಡಿಕೇರಿಯ ಡಿಸಿ ಕಚೇರಿಗೆ ಅವರು ಬರುವುದು ಪೌರತ್ವಕ್ಕೆ ಮಾತ್ರ. ಎರಡನ್ನೂ ಕಲಸಿಕೊಳ್ಳಬೇಡಿ.

ಹೋಮ್ ಸ್ಟಡಿಯಲ್ಲಿ ವಯಸ್ಸಿನ ಲೆಕ್ಕವೂ ಬರುತ್ತದೆ. ಗಂಡ ಹೆಂಡತಿಯ ವಯಸ್ಸನ್ನು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ 85 ಮೀರಬಾರದು. ಎರಡರಿಂದ ನಾಲ್ಕರ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಎಂಟರಿಂದ ಹದಿನೆಂಟಕ್ಕೆ 110. ನಿಮ್ಮದು 84. ಮಗುವಿಗೂ ನಿಮಗೂ ಕನಿಷ್ಠ 25 ವರ್ಷ ಅಂತರ ಬೇಕು. ಎರಡು ವರ್ಷವಾದರೂ ಸ್ಥಿರವಾದ ದಾಂಪತ್ಯ ಇರಬೇಕು. ಎಲ್ಲ ಸರಿ ಇದೆ. ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಬೇಕು. ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ ಅನ್ನುವ ನಿಯಮವೂ ಇದೆ, ಅದು ನಿಮಗೆ ಸಂಬಂಧ ಇಲ್ಲ, ಬೇರೆಯವರಿಗೆ ಅಂತ ಹೇಳಿದೆ.

ಸುಂಟಿಕೊಪ್ಪ ರೈಟರ್

ಮೇಡಂ, ನಮ್ಮದು ಬೇರೆ ಥರದ ವಿಷಯ. ನಾನು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಕೆಲಸದವರಿಗೆ ಕೊಡುವ ನಮ್ಮ ಲೈನ್ ಮನೆಯಲ್ಲಿ ನೇಪಾಳದ ಒಂದು ಸಂಸಾರ ಇದೆ. ನಾಲ್ಕು ಮಕ್ಕಳು. ಕಷ್ಟ ಜಾಸ್ತಿ. ಚಿಕ್ಕದನ್ನು ನೀವೇ ಇಟ್ಟುಕೊಳ್ಳಿ ಅಂತ ನನ್ನ ಹೆಂಡತಿಗೆ ಹೇಳುತ್ತಿದ್ದಾರೆ. ಸ್ಟಾಂಪ್ ಪೇಪರ್ ಮೇಲೆ ಬರೆದು ಕೊಡುತ್ತಾರಂತೆ. ಇದೂ ಹೊರದೇಶದ ದತ್ತು ಆಗುತ್ತದಾ?

ಮಡಿಕೇರಿ ವಕೀಲೆ

ಬರೆಸಿಕೊಳ್ಳಲೇಬೇಡಿ ಅಣ್ಣ. ಸ್ಟಾಂಪ್ ಪೇಪರ್ ಮೇಲೆ ಮಗು ಕೈ ಬದಲಾಗುವುದಿಲ್ಲ.

ಮಗು ಭಾರತದಲ್ಲಿ ಇದ್ದರೆ, ಹೆತ್ತವರು ಯಾವ ದೇಶದವರೇ ಇರಲಿ, ಮೊದಲು ನೋಡಬೇಕಾದವರು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ನಿಜವಾಗಿಯೂ ಸಾಕಲು ಆಗದ ಸ್ಥಿತಿ ಇದ್ದರೆ ಅಪ್ಪ ಅಮ್ಮ ಸಮಿತಿಯ ಎದುರು ಬರಬೇಕು. ಸಮಿತಿ ಅವರ ಜೊತೆ ಮಾತಾಡಿ, ಬೇರೆ ದಾರಿ ಇದೆಯಾ ಅಂತ ನೋಡುತ್ತದೆ. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಅವರಿಗೆ ಎರಡು ತಿಂಗಳು ಸಮಯ ಇರುತ್ತದೆ. ಹಾಗೆ ಒಪ್ಪಿಸಿದ ಮಗು ನಿಮಗೇ ಬರುತ್ತದೆ ಅಂತಲೂ ಇಲ್ಲ. ಸರದಿಯಲ್ಲಿ ಕಾಯುತ್ತಿರುವ ಯಾರಿಗೋ ಹೋಗುತ್ತದೆ. ಹೆತ್ತವರು ಇಲ್ಲದೆ ಒಂಟಿಯಾಗಿ ಸಿಕ್ಕ ಮಗುವಿನ ವಿಷಯವಾದರೆ 24 ಗಂಟೆಯೊಳಗೆ ತಿಳಿಸಲೇಬೇಕು. 1098ಕ್ಕೆ ಫೋನ್ ಮಾಡಬಹುದು.

ಕೊಡಗಿನ ತೋಟದವರಿಗೆಲ್ಲ ಇದು ಗೊತ್ತಿರಬೇಕು. ಲೈನ್ ಮನೆಗಳಲ್ಲಿ ಇಂಥ ಮಾತುಗಳು ನಡೆಯುವುದು ನನ್ನ ಕಿವಿಗೆ ಆಗಾಗ ಬೀಳುತ್ತದೆ. ಆ ಸಂಸಾರಕ್ಕೆ ಸದ್ಯ ಬೇಕಾಗಿರುವುದು ಅಕ್ಕಿ, ಅಂಗನವಾಡಿ, ಆಸ್ಪತ್ರೆ. ಅಷ್ಟು ಸಿಕ್ಕರೆ ಮಗುವನ್ನು ಕೊಡುವ ಮಾತು ಅವರೇ ಬಿಡಬಹುದು.

ಸುಂಟಿಕೊಪ್ಪ ರೈಟರ್

ಸರಿ ಮೇಡಂ. ಚಿಕ್ಕವನನ್ನು ನಾಳೆಯೇ ಅಂಗನವಾಡಿಗೆ ಸೇರಿಸುತ್ತೇನೆ. ಸಾಹುಕಾರರ ಹತ್ತಿರವೂ ಮಾತಾಡುತ್ತೇನೆ.

ನ್ಯೂಜೆರ್ಸಿಯ ಕಕ್ಕಬ್ಬೆ ಹುಡುಗ

ನಾನು ಅಮೆರಿಕದ ಪ್ರಜೆ, ಹುಟ್ಟಿದ್ದು ಕಕ್ಕಬ್ಬೆಯಲ್ಲಿ. ನಮ್ಮ ಚಿಕ್ಕಪ್ಪನ ಮಗ ತೀರಿಕೊಂಡ. ಅವನ ಮಗಳಿಗೆ ಈಗ ಒಂಬತ್ತು. ಒಂದೇ ಒಕ್ಕ, ಹಿರಿಯರ ಮೂಲಮನೆಯಾದ ಒಂದೇ ಐನ್‌ಮನೆ, ನನಗೆ ಅವಳು ಮಗಳೇ. ಅವಳ ಅಮ್ಮನೂ ಒಪ್ಪಿದರು. ಊರಿಗೆ ಬಂದು ದತ್ತು ಪತ್ರ ನೋಂದಣಿ ಮಾಡಿಸಿದೆ. ಅದನ್ನು ಹಿಡಿದುಕೊಂಡು ಅಮೆರಿಕದ ವೀಸಾಗೆ ಹೋದರೆ ನಡೆಯಲಿಲ್ಲ. ಒಂದು ವರ್ಷ ಹೀಗೇ ಹೋಯಿತು. ಎಲ್ಲಿ ತಪ್ಪಿದೆ?

ಮಡಿಕೇರಿ ವಕೀಲೆ

ಎರಡು ಕಡೆ ತಪ್ಪಾಗಿದೆ.

ಮೊದಲನೆಯದು, ನಮ್ಮ ಸಂಬಂಧ ಬೇರೆ, ಕಾಯ್ದೆಯ ಸಂಬಂಧ ಬೇರೆ. ನಮ್ಮಲ್ಲಿ ಚಿಕ್ಕಪ್ಪನ ಮಗ ಅಂದರೆ ಅಣ್ಣನೋ ತಮ್ಮನೋ. ಅವನ ಮಗಳು ನಮಗೆ ಮಗಳು. ಅದರಲ್ಲಿ ಎರಡು ಮಾತಿಲ್ಲ. ಆದರೆ ದತ್ತಿನ ವಿಷಯದಲ್ಲಿ ಬಾಲನ್ಯಾಯ ಕಾಯ್ದೆ 'ಸಂಬಂಧಿ' ಅನ್ನುವುದು ಮಗುವಿನ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ ಮತ್ತು ಎರಡೂ ಕಡೆಯ ಅಜ್ಜ ಅಜ್ಜಿಯನ್ನು ಮಾತ್ರ. ಅದೂ ಸ್ವಂತದವರು. ಅಪ್ಪನ ಒಡಹುಟ್ಟಿದ ತಮ್ಮ ಆಗಿದ್ದರೆ ನೀವು 60ನೇ ಸೆಕ್ಷನ್ನಿನಲ್ಲಿ ಸಂಬಂಧಿಯ ಅಂತರದೇಶೀಯ ದತ್ತಿಗೆ ಬರುತ್ತಿದ್ದಿರಿ. ಚಿಕ್ಕಪ್ಪನ ಮಗ ಆ ಪಟ್ಟಿಯಲ್ಲಿ ಇಲ್ಲ. ಒಕ್ಕದ ಲೆಕ್ಕ ದೆಹಲಿಗೆ ಗೊತ್ತಿಲ್ಲ.

ಎರಡನೆಯದು, ಅಮೆರಿಕವೂ ಭಾರತವೂ ಹೇಗ್ ಒಪ್ಪಂದದಲ್ಲಿವೆ. ಅಮೆರಿಕಕ್ಕೆ ಅದು 2008ರ ಏಪ್ರಿಲ್ 1ರಿಂದ ಅನ್ವಯ. ಆ ದಾರಿಯಲ್ಲಿ ಮೊದಲು ಅಮೆರಿಕದಲ್ಲಿ ಹೋಮ್ ಸ್ಟಡಿ, ನೀವು ದತ್ತಿಗೆ ಯೋಗ್ಯರು ಅಂತ ಒಪ್ಪಿಗೆ ಪಡೆಯುವ ಐ-800ಎ ಅರ್ಜಿ. ಆಮೇಲೆ ಮಗುವಿಗೆ ಐ-800. ಅದಕ್ಕೆ ತಾತ್ಕಾಲಿಕ ಒಪ್ಪಿಗೆ ಸಿಕ್ಕಿದ ಮೇಲೆ ಇಲ್ಲಿ ದತ್ತು. ನೀವು ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದಿರಿ. ಐ-800ಕ್ಕೆ ಮಗುವಿಗೆ 16 ತುಂಬುವ ಮೊದಲೇ ಅರ್ಜಿ ಬೀಳಬೇಕು ಅನ್ನುವುದೂ ನೆನಪಿರಲಿ.

ಇನ್ನೊಂದು ಕೇಳಲೇ? ಒಂಬತ್ತು ವರ್ಷದ ಹುಡುಗಿ. ಅವಳಿಗೆ ಅಮ್ಮ ಇದ್ದಾರೆ. ಸಂಬಂಧಿಕರ ದತ್ತಿನಲ್ಲಿ ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು ಅಂತ ನಿಯಮವೇ ಇದೆ. ಅವಳನ್ನು ಯಾರಾದರೂ ಕೇಳಿದ್ದೀರಾ?

ನ್ಯೂಜೆರ್ಸಿಯ ಕಕ್ಕಬ್ಬೆ ಹುಡುಗ

ನಿನ್ನೆ ರಾತ್ರಿ ಫೋನ್ ಮಾಡಿ ಅವಳನ್ನೇ ಕೇಳಿದೆ. "ಅಮ್ಮನೂ ಬಂದರೆ ಬರುತ್ತೇನೆ ದೊಡ್ಡಪ್ಪ" ಅಂದಳು. ಅವಳು ಕಕ್ಕಬ್ಬೆಯಲ್ಲೇ ಇರಲಿ. ಓದಿಸುವುದು, ಮನೆ ಖರ್ಚು ನನ್ನದು. ಆ ಪತ್ರವನ್ನು ಏನು ಮಾಡಬೇಕು ಅಂತ ನಿಮ್ಮನ್ನು ಬೇರೆಯಾಗಿ ಕೇಳುತ್ತೇನೆ.

ಪೊನ್ನಂಪೇಟೆ ಅಕ್ಕ

ಮೇಡಂ, ಎರಡನೇ ಮತ್ತು ಮೂರನೇ ಬಾಗಿಲು ಬಾಕಿ ಇದೆ.

ಮಡಿಕೇರಿ ವಕೀಲೆ

ಮರೆತಿಲ್ಲ ಅಕ್ಕ. ಹಬ್ಬದ ಗಡಿಬಿಡಿಯಲ್ಲಿ ತಡವಾಯಿತು.

ಎರಡನೇ ಬಾಗಿಲು ಕಾರಾ. ಭಾರತ ಮಗುವನ್ನು ಬರಮಾಡಿಕೊಳ್ಳುವ ದೇಶ ಆದಾಗ ಕಾರಾ ನಾಲ್ಕು ವಿಷಯ ನೋಡುತ್ತದೆ. ನಿಮ್ಮ ಹೋಮ್ ಸ್ಟಡಿ ವರದಿ, ಅದರ ಜೊತೆಗಿನ ದಾಖಲೆಗಳು, ಮಗುವಿನ ಅಧ್ಯಯನ ವರದಿ, ಮಗುವಿನ ವೈದ್ಯಕೀಯ ವರದಿ. ಇವನ್ನು ನೋಡಿ ಹೇಗ್ ಒಪ್ಪಂದದ 5 ಮತ್ತು 17ನೇ ವಿಧಿಯಂತೆ ಒಪ್ಪಿಗೆ ಕೊಡುತ್ತದೆ. ಉಗಾಂಡ ಆ ಒಪ್ಪಂದದಲ್ಲಿ ಇಲ್ಲದ್ದರಿಂದ ಮತ್ತು ನೀವಿಬ್ಬರೂ ಅಲ್ಲಿ ವಾಸ ಇರುವುದರಿಂದ ಒಂದು ಕೆಲಸ ಮೊದಲೇ ಮಾಡಿ. ನಿಮ್ಮ ಹೋಮ್ ಸ್ಟಡಿ ಯಾರು ಮಾಡಬೇಕು, ಶಿಫಾರಸು ಪತ್ರ ಯಾರು ಕೊಡಬೇಕು ಅಂತ ಕಾರಾಗೆ ಬರೆದು, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಒಂದು ಪ್ರತಿ ಕಂಪಾಲಾದ ನಮ್ಮ ಹೈಕಮಿಷನ್‌ಗೆ ಕೊಡಿ. ಅಲ್ಲಿನ ಹೈಕೋರ್ಟಿಗೂ ಆ ಪತ್ರವೇ ಬೇಕಾಗುತ್ತದೆ. ಹೋಮ್ ಸ್ಟಡಿ ವರದಿ ಮೂರು ವರ್ಷ ನಡೆಯುತ್ತದೆ, ಹಾಗಾಗಿ ಬೇಗ ಮಾಡಿಸಿದರೆ ನಷ್ಟ ಇಲ್ಲ.

ಇಲ್ಲಿನ ದಾಖಲೆಗಳನ್ನು ಅಲ್ಲಿನ ಕೋರ್ಟಿಗೆ ಕೊಡುವಾಗ ಸುಮ್ನೆ ಜೆರಾಕ್ಸ್ ನಡೆಯುವುದಿಲ್ಲ. ನೋಟರಿ, ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಇಲಾಖೆಯ ದೃಢೀಕರಣ, ಕೊನೆಗೆ ಆ ದೇಶದ ರಾಯಭಾರ ಕಚೇರಿ. ಇದಕ್ಕೆ ಬೆಂಗಳೂರು, ದೆಹಲಿ ಅಂತ ವಾರಗಟ್ಟಲೆ ಹಿಡಿಯುತ್ತದೆ. ಊರಲ್ಲಿ ಇರುವಾಗಲೇ ಮುಗಿಸಿಕೊಳ್ಳಿ.

ಮೂರನೇ ಬಾಗಿಲು. ಆದೇಶ ಆದರೂ ಮಗು ಉಗಾಂಡದ ಪ್ರಜೆಯೇ. ಅವಳಿಗೆ ಆ ದೇಶದ ಪಾಸ್‌ಪೋರ್ಟ್ ಮಾಡಿಸಿ, ನಮ್ಮ ಹೈಕಮಿಷನ್‌ನಲ್ಲಿ ಎಂಟ್ರಿ ವೀಸಾಗೆ ಅರ್ಜಿ ಹಾಕಬೇಕು. ದತ್ತು ಸರಿಯಾದ ಕ್ರಮದಲ್ಲಿ ಆಗಿದೆಯಾ ಅಂತ ಅವರು ಎಲ್ಲ ಕಾಗದ ನೋಡುತ್ತಾರೆ. ಗೃಹ ಸಚಿವಾಲಯದ ವಿದೇಶಿಯರ ವಿಭಾಗದ ಅನುಮತಿಯೂ ಹೈಕಮಿಷನ್ ಮೂಲಕವೇ ಬರಬೇಕು.

ಪೌರತ್ವ ತಾನಾಗಿ ಬರುವುದಿಲ್ಲ. ಪೌರತ್ವ ಕಾಯ್ದೆ 1955ರ 5ನೇ ಸೆಕ್ಷನ್ನಿನಲ್ಲಿ ಅಪ್ರಾಪ್ತ ಮಕ್ಕಳನ್ನು ನೋಂದಣಿ ಮಾಡಿಸುವ ಅವಕಾಶ ಇದೆ. ಆ ಅರ್ಜಿ ಹೋಗುವುದು ಜಿಲ್ಲಾಧಿಕಾರಿ ಮೂಲಕ. ಅದು ಆಗುವವರೆಗೆ ಕಾನೂನಿನ ಕಣ್ಣಿಗೆ ಅವಳು ವಿದೇಶಿ. ವೀಸಾ ಅವಧಿ ಮುಗಿಯುವ ಮೊದಲೇ ವಿಸ್ತರಿಸಬೇಕು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡುವುದು ಎಸ್‌ಪಿ ಕಚೇರಿ. ಶಾಲೆಗೆ ಸೇರಿಸಿದ ಸಂಭ್ರಮದಲ್ಲಿ ವೀಸಾ ತಾರೀಕು ಮರೆತರೆ ಮಗುವಿಗೆ ತೊಂದರೆ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ.

ದಾರಿ ಉದ್ದ ಇದೆ. ಆದರೆ ನಿಮಗೆ ಒಂದು ಅನುಕೂಲ, ನಿಮ್ಮವರ ಕೆಲಸ ಅಲ್ಲೇ ಇದೆ. ಒಂದು ವರ್ಷ ಅಲ್ಲಿ ವಾಸ ಇರುವುದು ಬೇರೆಯವರಿಗೆ ಆಗದ ಮಾತು. ಇಥಿಯೋಪಿಯದಲ್ಲಿ ಕಾಫಿ ಕಂಪನಿಗೆ ಹೋದ ಒಬ್ಬ ನಮ್ಮವರೂ ಹೀಗೇ ಕೇಳಿದ್ದರು. ಆ ದೇಶ 2018ರಲ್ಲೇ ಹೊರದೇಶದವರಿಗೆ ದತ್ತು ಕೊಡುವುದನ್ನು ನಿಲ್ಲಿಸಿತ್ತು. ಚೀನಾ 2024ರ ಸೆಪ್ಟೆಂಬರಿನಲ್ಲಿ ಹತ್ತಿರದ ಸಂಬಂಧಿಕರನ್ನು ಬಿಟ್ಟು ಉಳಿದವರಿಗೆ ಬಾಗಿಲು ಮುಚ್ಚಿತು. ನಿಯಮ ಯಾವಾಗ ಬೇಕಾದರೂ ಬದಲಾಗುತ್ತದೆ. ಅಲ್ಲಿಗೆ ಹೋದ ಕೂಡಲೇ ಕಂಪಾಲಾದಲ್ಲಿ ಕುಟುಂಬ ಪ್ರಕರಣ ನಡೆಸುವ ವಕೀಲರೊಬ್ಬರನ್ನು ಹಿಡಿಯಿರಿ.

ನಾಪೋಕ್ಲು ಅಂಕಲ್

ಎಲ್ಲ ಓದಿದೆ. ಮಗಳೇ, ನೀವು ಕೇಳದಿದ್ದರೂ ಒಂದು ಹೇಳುತ್ತೇನೆ. ಕಾಗದ ಎಲ್ಲ ಆಗಿ ಮಗು ಬಂದ ಮೇಲೆ ನಿಮ್ಮ ಒಕ್ಕದ ಹಿರಿಯರು ಏನಂತಾರೋ ಅನ್ನುವ ಯೋಚನೆ ನಿಮಗೆ ಇರುತ್ತದೆ. ಬಣ್ಣ ಬೇರೆ, ಕೂದಲು ಬೇರೆ ಅಂತ ಮಾತಾಡುವವರು ಇದ್ದೇ ಇರುತ್ತಾರೆ. ಈಗಲೇ ಹೋಗಿ ಅವರ ಹತ್ತಿರ ಮಾತಾಡಿ. ಮಗು ಬಂದ ದಿನ ಯಾರೂ ಮುಖ ತಿರುಗಿಸುವ ಹಾಗೆ ಆಗಬಾರದು. ಬೇಕಾದರೆ ನಾನೂ ನಿಮ್ಮ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹತ್ತಿರ ಬರುತ್ತೇನೆ.

ಕುಶಾಲನಗರ ಟೀಚರ್

ಅಂಕಲ್ ಹೇಳಿದ್ದು ಎಲ್ಲ ದಾಖಲೆಗಿಂತ ಮುಖ್ಯ. ನನ್ನ ಮಗನನ್ನು ಮೊದಲ ಹುತ್ತರಿಗೆ, ಅಂದರೆ ನಮ್ಮ ಸುಗ್ಗಿ ಹಬ್ಬಕ್ಕೆ, ಐನ್‌ಮನೆಗೆ ಕರೆದುಕೊಂಡು ಹೋದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ದೊಡ್ಡ ಮಾವ ಏನೂ ಮಾತಾಡದೆ ಅವನನ್ನು ಎತ್ತಿಕೊಂಡು ಕದಿರು ತೆಗೆಯಲು ಗದ್ದೆಗೆ ನಡೆದರು.

ಪೊನ್ನಂಪೇಟೆ ಅಕ್ಕ

ಹುತ್ತರಿ ಮುಗಿಯಿತು. ಆಗಿದ್ದು ಹೇಳಬೇಕಲ್ವಾ.

ಜನವರಿ ಎರಡನೇ ವಾರಕ್ಕೆ ಟಿಕೆಟ್ ಮಾಡಿಸಿದ್ದೇನೆ. ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಬರುತ್ತಾಳೆ. ನಮ್ಮವರು ಅಲ್ಲಿನ ಪ್ರೊಬೇಷನ್ ಅಧಿಕಾರಿಯನ್ನು ಹೋಗಿ ನೋಡಿದರು. ಮಗುವಿನ ಹಿನ್ನೆಲೆ ಹುಡುಕಿದ ವರದಿ ಅರ್ಧ ಮಾತ್ರ ಆಗಿದೆಯಂತೆ. ಸಂಬಂಧಿಕರು ಇದ್ದಾರಾ ಅಂತ ಇನ್ನೊಮ್ಮೆ ಹಳ್ಳಿಗೆ ಹೋಗಿ ವಿಚಾರಿಸುತ್ತಾರೆ. ಅದು ಮುಗಿಯದೆ ಮಗುವನ್ನು ನಮ್ಮ ಮನೆಗೆ ಸಾಕಲು ಕೊಡುವುದಿಲ್ಲ ಅಂದರು. ಸರಿ ಅಂದೆವು. ಕಾರಾಗೆ ಪತ್ರ ಹೋಗಿದೆ. ಮದುವೆ ನೋಂದಣಿ ಕಳೆದ ವಾರ ಆಯಿತು, ಟೀಚರ್‌ಗೆ ಧನ್ಯವಾದ. ಮನೆ ಹೆಸರು ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಅಕ್ಷರ ತಪ್ಪಿದೆ, ಅದು ಬಾಕಿ.

ಅಂಕಲ್, ಹಿರಿಯರ ಹತ್ತಿರ ಅತ್ತೆಯೇ ಮಾತಾಡಿದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಹಬ್ಬದ ರಾತ್ರಿ ಎಲ್ಲರಿಗೂ ತಂಬಿಟ್ಟು ಇಡುವಾಗ ಒಂದು ಎಲೆ ಜಾಸ್ತಿ ಹಾಕಿದ್ದರು.

ವಕೀಲೆ ಮೇಡಂ, ದೃಢೀಕರಣಕ್ಕೆ ಕಳಿಸುವ ಮೊದಲು ಕಾಗದಗಳನ್ನು ಒಮ್ಮೆ ನೀವು ನೋಡುತ್ತೀರಾ?

ಮಡಿಕೇರಿ ವಕೀಲೆ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಕ್ಕ. ಎಲ್ಲದರ ಮೂಲ ಪ್ರತಿ ಇರಲಿ. ಇಬ್ಬರ ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೂ ಅವತ್ತೇ ಅರ್ಜಿ ಹಾಕೋಣ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಬನ್ನಿ.